ಒಂದು ಯಂತ್ರ, ಎರಡು ಗನ್

ಸ್ಪ್ರೇ ಫೋಮ್ ಹೊಡೆಯುವ ಯಂತ್ರಕ್ಕೆ ಸಾಮಾನ್ಯವಾಗಿ ಒಂದೇ ಹೋಸು, ಹೋಸಿನ ತುದಿಗೆ ಒಂದೇ ಗನ್. ಅಮೆರಿಕ, ಕೆನಡಾಗಳಲ್ಲಿ ಕಟ್ಟಡಗಳ ಗೋಡೆಗೂ ಛಾವಣಿಗೂ ಉಷ್ಣನಿರೋಧಕ ನೊರೆ ಹೊಡೆಯುವ ತಂಡಗಳು ಗೋದಾಮು, ದನದ ಕೊಟ್ಟಿಗೆ, ಕಾರ್ಖಾನೆಯಂಥ ದೊಡ್ಡ ಕೆಲಸ ಸಿಕ್ಕಾಗ ಅದೇ ಯಂತ್ರಕ್ಕೆ ಎರಡು ಗನ್ ಕಟ್ಟುವುದುಂಟು. ಇನ್ನೊಂದು ಯಂತ್ರ, ಇನ್ನೊಂದು ಜನರೇಟರು, ಇನ್ನೊಂದು ಲಾರಿ ಇಲ್ಲದೆಯೇ ಇಬ್ಬರು ಏಕಕಾಲಕ್ಕೆ ಕೆಲಸ ಮಾಡುತ್ತಾರೆ. ಒಂದು ಹರಿವನ್ನು ಎರಡಾಗಿ ಒಡೆದ ಮೇಲೂ ಎರಡೂ ಕಡೆ ಒಂದೇ ಗುಣದ ನೊರೆ ಏಳುವಂತೆ ನೋಡಿಕೊಳ್ಳುವುದರಲ್ಲೇ ಈ ಕಸುಬಿನ ಸೊಗಸಿದೆ.

ನೊರೆಗೆ ಎರಡು ದ್ರವ ಬೇಕು. ‘ಎ’ ಡ್ರಮ್ಮಿನಲ್ಲಿ ಕಂದು ಬಣ್ಣದ ಐಸೊಸಯನೇಟ್ ಇರುತ್ತದೆ. ಕೆಲಸದವರ ಬಾಯಲ್ಲಿ ಅದು ಬರೀ ‘ಐಸೊ’. ‘ಬಿ’ ಡ್ರಮ್ಮಿನಲ್ಲಿ ಪಾಲಿಯಾಲ್, ಅದರೊಳಗೆ ವೇಗವರ್ಧಕ, ಉಬ್ಬಿಸುವ ದ್ರವ್ಯ, ಬೆಂಕಿ ತಡೆಯುವ ರಾಸಾಯನಿಕ ಎಲ್ಲ ಕೂಡಿದ ರೆಸಿನ್. ಎರಡೂ ಗಾತ್ರದಲ್ಲಿ ಸಮಸಮವಾಗಿ ಬೆರೆತರೆ ಕೆಲವೇ ಕ್ಷಣಗಳಲ್ಲಿ ಕೆನೆಗಟ್ಟಿ, ಉಬ್ಬಿ, ಗಟ್ಟಿಯಾಗುತ್ತವೆ. ಈ ರಸಾಯನಕ್ರಿಯೆಯನ್ನು 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ರೂಪಿಸಿದರು. 1960ರ ದಶಕದಲ್ಲಿ ಫ್ರೆಡ್ ಗಸ್ಮರ್ ಇದಕ್ಕೆಂದೇ ಬೆರೆಸಿ ಚಿಮ್ಮಿಸುವ ಯಂತ್ರ ತಂದ ಮೇಲೆ ಅದು ಕಟ್ಟಡದ ಕೆಲಸಕ್ಕೆ ಇಳಿಯಿತು. ಕರ್ನಾಟಕದಲ್ಲಿ ಇದೇ ಕುಲದ ವಸ್ತು ‘ಪಫ್’ ಎಂಬ ಹೆಸರಿನಲ್ಲಿ ಶೀತಲಗೃಹದ ಹಲಗೆಗಳಲ್ಲೂ ಫ್ರಿಜ್ಜಿನ ಗೋಡೆಯೊಳಗೂ ಪರಿಚಿತ. ಅದನ್ನು ಉಬ್ಬಿಸಲು ಬಳಸುತ್ತಿದ್ದ, ಓಜೋನ್ ಪದರಕ್ಕೆ ಹಾನಿ ಮಾಡುವ ಎಚ್‌ಸಿಎಫ್‌ಸಿ-141ಬಿ ದ್ರವ್ಯವನ್ನು ಭಾರತ 2020ರ ಜನವರಿ 1ರಿಂದ ಕೈಬಿಟ್ಟಿದೆ.

ನೊರೆಯಲ್ಲಿ ಎರಡು ಜಾತಿ. ಓಪನ್ ಸೆಲ್ ಹಗುರ, ಘನ ಮೀಟರಿಗೆ ಸುಮಾರು 8 ಕೆಜಿ. ದ್ರವದ ನೂರರಷ್ಟು ಉಬ್ಬುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, ಘನ ಮೀಟರಿಗೆ ಸುಮಾರು 32 ಕೆಜಿ. ಉಬ್ಬುವುದು ಮೂವತ್ತು ಪಟ್ಟಿನ ಆಸುಪಾಸು. ಎರಡು ಗನ್ನಿನ ಮಾತು ಹೆಚ್ಚಾಗಿ ಬರುವುದು ಕ್ಲೋಸ್ಡ್ ಸೆಲ್ಲಿಗೆ. ಅದನ್ನು ಒಂದೇ ಸಲ ದಪ್ಪವಾಗಿ ಹೊಡೆದರೆ ಕ್ರಿಯೆಯಲ್ಲಿ ಹುಟ್ಟುವ ಬಿಸಿ ಒಳಗೇ ಸಿಕ್ಕಿಕೊಂಡು ನಡುಭಾಗ ಕರಕಲಾಗುತ್ತದೆ. ಹಾಗಾಗಿ ಒಂದು ಪದರಕ್ಕೆ ಸುಮಾರು 5 ಸೆಂಟಿಮೀಟರ್ ಎಂಬ ಮಿತಿ ಇಟ್ಟುಕೊಂಡು, ಆರಿದ ಮೇಲೆ ಮುಂದಿನ ಪದರ ಹೊಡೆಯಬೇಕು. ವಿಸ್ತಾರ ದೊಡ್ಡದಿದ್ದು, ತಾಳ್ಮೆಯೂ ಬೇಕೆನ್ನುವ ಇಂಥ ಕಡೆ ಎರಡನೆಯ ಕೈ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಯಂತ್ರದೊಳಗೆ ಎರಡು ಪಂಪುಗಳಿವೆ. ಒಂದು ಎ ಕಡೆಗೆ, ಇನ್ನೊಂದು ಬಿ ಕಡೆಗೆ. ಎರಡನ್ನೂ ಒಂದೇ ಮೋಟಾರು ಅಥವಾ ಒಂದೇ ಹೈಡ್ರಾಲಿಕ್ ಸಿಲಿಂಡರು ಒಟ್ಟಿಗೆ ಎಳೆಯುತ್ತದೆ. ಅದರಿಂದಲೇ ಪ್ರತಿ ಎಳೆತದಲ್ಲೂ ಎರಡೂ ಸಮಪಾಲು ತಳ್ಳುತ್ತವೆ. ಪಂಪಿನಾಚೆ ಹೀಟರು, ಅದರಾಚೆ ಉದ್ದದ ಬಿಸಿ ಹೋಸು. ದ್ರವಗಳು ಗನ್ನಿನವರೆಗೆ ಬೇರೆಬೇರೆಯಾಗಿಯೇ ಬರುತ್ತವೆ. ಗನ್ನಿನ ಮೂಗಿನಲ್ಲಿ ಮಿಕ್ಸಿಂಗ್ ಚೇಂಬರ್ ಎಂಬ ಪುಟ್ಟ ಕೊಳವೆ ಇದೆ. ಅದರ ಅಕ್ಕಪಕ್ಕದ ಸೂಜಿಗಾತ್ರದ ತೂತುಗಳಿಂದ ಎರಡೂ ದ್ರವಗಳು ಎದುರುಬದುರಾಗಿ ನುಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕಲಕುವ ಕಡ್ಡಿಯಿಲ್ಲ, ತಿರುಗುವ ಚಕ್ರವಿಲ್ಲ. ಆ ಡಿಕ್ಕಿಯ ರಭಸವೇ ಬೆರಕೆ. ರಭಸ ಬರುವುದು ಒತ್ತಡದಿಂದ. ಸಾಮಾನ್ಯವಾಗಿ 1000ದಿಂದ 1500 ಪಿಎಸ್‌ಐ ಒತ್ತಡ, 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಬೆರಕೆ ಚೆನ್ನಾಗಿ ಕೂಡುತ್ತದೆ. ಇದರಲ್ಲಿ ಒಂದು ಕುಸಿದರೂ ನೊರೆ ಒರಟಾಗುತ್ತದೆ.

ಎರಡನೆಯ ಗನ್ ಕಟ್ಟುವ ಮುನ್ನ ಮಾಡಬೇಕಾದ ಮೊದಲ ಲೆಕ್ಕ ಈ ತೂತುಗಳದ್ದು. ಗ್ರಾಕೊ ಕಂಪನಿಯ ಫ್ಯೂಷನ್ ಎಪಿ ಗನ್ನಿನ ಚೇಂಬರುಗಳಿಗೆ 2929, 4242, 5252 ಎಂಬಂಥ ಸಂಖ್ಯೆಗಳಿರುತ್ತವೆ. 42 ಎಂದರೆ ಇಂಚಿನ ಸಾವಿರದಲ್ಲಿ 42 ಭಾಗ, ಅಂದರೆ ಒಂದು ಮಿಲಿಮೀಟರಿಗೆ ತುಸು ಹೆಚ್ಚು ಅಗಲದ ತೂತು. ಹರಿವು ತೂತಿನ ಅಗಲಕ್ಕಲ್ಲ, ಅದರ ವರ್ಗಕ್ಕೆ ಹೊಂದಿ ಏರುತ್ತದೆ. 42ರ ವರ್ಗ 1764. 29ರ ವರ್ಗದ ಎರಡರಷ್ಟು 1682. ಎಂದರೆ 29ರ ಎರಡು ಗನ್ನುಗಳು ಕೂಡಿ ಕುಡಿಯುವುದು 42ರ ಒಂದು ಗನ್ ಕುಡಿಯುವುದಕ್ಕಿಂತ ಒಂದಿಷ್ಟು ಕಡಿಮೆಯೇ. ಒಂದು 42ನ್ನು ಸಲೀಸಾಗಿ ನಡೆಸುವ ಯಂತ್ರ ಎರಡು 29ನ್ನೂ ನಡೆಸುತ್ತದೆ. ಎರಡು 42 ಕಟ್ಟಿದರೆ ಮಾತ್ರ ಬೇಡಿಕೆ ಇಮ್ಮಡಿಯಾಗಿ ಒತ್ತಡ ನೆಲಕಚ್ಚುತ್ತದೆ. ಈ ಪುಟ್ಟ ವರ್ಗದ ಲೆಕ್ಕ ಇಡೀ ಕೆಲಸಕ್ಕೇ ಕೀಲಿಕೈ. ಅದನ್ನು ಬಿಟ್ಟು ಯಂತ್ರದ ಮೇಲೆ ಬರೆದ ಗರಿಷ್ಠ ಸಾಮರ್ಥ್ಯವನ್ನಷ್ಟೇ ನಂಬಿ ಹೊರಟವರ ನೊರೆ ಮಧ್ಯಾಹ್ನದೊಳಗೆ ತನ್ನ ಬುದ್ಧಿ ತೋರಿಸುತ್ತದೆ.

ಸಾಮರ್ಥ್ಯದ ಮಾತಿಗೆ ಬಂದರೆ, ಅದೇ ಗ್ರಾಕೊ ಕಂಪನಿಯ, ವಿದ್ಯುತ್ತಿನಿಂದ ಓಡುವ ರಿಯಾಕ್ಟರ್ ಇ-30 ಯಂತ್ರ ನಿಮಿಷಕ್ಕೆ ಹೆಚ್ಚೆಂದರೆ 13.5 ಕೆಜಿ ತಳ್ಳಬಲ್ಲದು. ಹೈಡ್ರಾಲಿಕ್ ಮಾದರಿಯಾದ ಎಚ್-40 ಸುಮಾರು 20 ಕೆಜಿ. ಆದರೆ ತಳ್ಳುವುದು ಬೇರೆ, ಬಿಸಿ ಮಾಡಿ ತಳ್ಳುವುದು ಬೇರೆ. ದ್ರವದ ಉಷ್ಣಧಾರಕತೆಯನ್ನು ಕೆಜಿಗೆ ಡಿಗ್ರಿಗೆ 1.8 ಕಿಲೋಜೂಲ್ ಆಸುಪಾಸು ಎಂದಿಟ್ಟುಕೊಂಡರೆ, ನಿಮಿಷಕ್ಕೆ 13.5 ಕೆಜಿಯನ್ನು 30 ಡಿಗ್ರಿ ಏರಿಸಲು 12 ಕಿಲೋವ್ಯಾಟ್ ಬೇಕಾಗುತ್ತದೆ. ಹತ್ತು ಕಿಲೋವ್ಯಾಟಿನ ಹೀಟರು ಅಲ್ಲಿ ಸೋಲುತ್ತದೆ. ಒಂದು ಗನ್ನಿನ ಕೆಲಸದಲ್ಲಿ ಸ್ಪ್ರೇಯರ್ ಆಗಾಗ ಕೈ ನಿಲ್ಲಿಸುವುದರಿಂದ ಹೀಟರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಎರಡು ಗನ್ನಿದ್ದಾಗ ಒಬ್ಬ ನಿಲ್ಲಿಸಿದ ಗಳಿಗೆಯಲ್ಲಿ ಇನ್ನೊಬ್ಬ ಹೊಡೆಯುತ್ತಲೇ ಇರುತ್ತಾನೆ. ಆ ಬಿಡುವೇ ಮಾಯ. ಬಲ್ಲ ತಂಡಗಳು ಇದಕ್ಕಾಗಿ ಬೆಳಗ್ಗೆಯೇ ಡ್ರಮ್ಮುಗಳಿಗೆ ಬಿಸಿಪಟ್ಟಿ ಸುತ್ತಿ, ದ್ರವವನ್ನು ಯಂತ್ರದ ಮೂಲಕ ಸುತ್ತಾಡಿಸಿ, ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳುತ್ತವೆ. ಡ್ರಮ್ಮಿನಲ್ಲೇ ಹತ್ತು ಡಿಗ್ರಿ ಏರಿಸಿದರೆ ಹೀಟರಿನ ಮೂರನೇ ಒಂದು ಪಾಲು ಕೆಲಸ ಮುಗಿದಂತೆ.

ಹೋಸನ್ನು ಒಡೆಯುವುದಕ್ಕೆ ಎರಡು ದಾರಿ. ಯಂತ್ರದ ಬಳಿಯೇ ಕವಲು ಹಾಕಿ ಪೂರ್ಣ ಉದ್ದದ ಎರಡು ಹೋಸು ಎಳೆಯುವುದು ಒಂದು. ಒಂದೇ ತಾಯಿ ಹೋಸನ್ನು ಕೆಲಸದ ಜಾಗದವರೆಗೆ ಒಯ್ದು, ಕೊನೆಯಲ್ಲಿ ‘ವೈ’ ಆಕಾರದ ಕವಲು ಹಾಕಿ ಗಿಡ್ಡ ಮರಿ ಹೋಸುಗಳನ್ನು ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಇಬ್ಬರೂ ದೂರದೂರ ಹೋಗಬಹುದು. ಆದರೆ ಹೋಸಿನ ಬಿಸಿಯನ್ನು ಕಾಯುವ ತಂತಿಗೆ ಯಂತ್ರದಲ್ಲಿರುವುದು ಒಂದೇ ನಿಯಂತ್ರಣ, ಬಿಸಿ ಅಳೆಯುವ ಸೆನ್ಸರೂ ಒಂದೇ. ಸೆನ್ಸರು ಒಂದು ಹೋಸಿನಲ್ಲಿದ್ದರೆ ಇನ್ನೊಂದು ಕುರುಡು. ಬಿಸಿಲಲ್ಲಿ ಮಲಗಿದ ಹೋಸನ್ನು ಅಳೆದು ನೆರಳಲ್ಲಿರುವ ಹೋಸಿಗೆ ಬಿಸಿ ಕಡಿಮೆ ಮಾಡುವ ಎಡವಟ್ಟು ಇಲ್ಲೇ ಆಗುವುದು. ಎರಡನೆಯ ಹೋಸಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರು, ಪ್ರತ್ಯೇಕ ಸೆನ್ಸರು ಕೊಟ್ಟರಷ್ಟೇ ಈ ದಾರಿ ಸರಿ.

ತಾಯಿ ಹೋಸಿನ ದಾರಿಯಲ್ಲಿ ಸೆನ್ಸರು ಕವಲಿಗೆ ಮುಂಚೆ ಕೂರುವುದರಿಂದ ಎರಡೂ ಮರಿಗಳಿಗೆ ಒಂದೇ ಬಿಸಿಯ ದ್ರವ ಸಿಗುತ್ತದೆ. ಅಲ್ಲಿನ ತೊಡಕು ಒತ್ತಡದ್ದು. ಹೋಸಿನೊಳಗೆ ಈ ಮಂದ ದ್ರವಗಳ ಹರಿವು ನಿಧಾನದ, ಸುಳಿಯಿಲ್ಲದ ಹರಿವು. ಅಂಥಲ್ಲಿ ಹರಿವು ಇಮ್ಮಡಿಯಾದರೆ ದಾರಿಯಲ್ಲಿ ಕಳೆದುಕೊಳ್ಳುವ ಒತ್ತಡವೂ ಇಮ್ಮಡಿ. ಆದರೆ ಕೊಳವೆಯ ಅಗಲಕ್ಕೆ ಅದು ನಾಲ್ಕನೇ ಘಾತದಲ್ಲಿ ಸ್ಪಂದಿಸುತ್ತದೆ. ತಾಯಿ ಹೋಸಿನ ಒಳಅಗಲವನ್ನು ಇಂಚಿನ ಎಂಟನೇ ಮೂರು ಭಾಗದಿಂದ ಅರ್ಧ ಇಂಚಿಗೆ ಏರಿಸಿದರೆ ಒತ್ತಡದ ನಷ್ಟ ಮೂರನೇ ಒಂದಕ್ಕಿಂತ ಕೆಳಗಿಳಿಯುತ್ತದೆ. ಎರಡು ಗನ್ನಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಬದಲಾವಣೆ ಬೇರೊಂದಿಲ್ಲ. ಹೋಸು ಭಾರವಾಗುತ್ತದೆ, ನಿಜ. ಎಳೆದಾಡುವುದು ಮರಿ ಹೋಸುಗಳನ್ನಾದ್ದರಿಂದ ತಾಯಿ ಭಾರವಿದ್ದರೂ ನಡೆಯುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ಒಂದು ವಿಷಯವೇ ಎರಡು ಗನ್ನಿನ ಕೆಲಸದ ತಿರುಳು. ಕೊಡಗಿನ ಕಾಫಿ ತೋಟದಲ್ಲಿ ಒಂದೇ ಪಂಪ್‌ಸೆಟ್ಟಿಗೆ ಎರಡು ಜೆಟ್ ಹಾಕಿದಾಗ ಒಂದಕ್ಕೆ ಕಸ ಸಿಕ್ಕಿದರೆ ಇನ್ನೊಂದು ಹೆಚ್ಚು ನೀರು ಎರಚುತ್ತದೆ. ಅಲ್ಲಿ ಹಾನಿಯೇನಿಲ್ಲ, ನೀರು ನೀರೇ. ಫೋಮಿನಲ್ಲಿ ಹರಿಯುತ್ತಿರುವುದು ಎರಡು ದ್ರವ. ಯಂತ್ರ ಸಮಪಾಲಿನ ಭರವಸೆ ಕೊಡುವುದು ಪಂಪಿನಲ್ಲಿ ಮಾತ್ರ. ಕವಲಿನಾಚೆ ಯಾರ ಪಾಲು ಎಷ್ಟು ಎಂಬುದು ಅದಕ್ಕೆ ತಿಳಿಯದು.

ಒಂದು ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಪಂಪುಗಳು ಹತ್ತು ಲೀಟರ್ ಎ, ಹತ್ತು ಲೀಟರ್ ಬಿ ಕಳಿಸಿವೆ ಎನ್ನೋಣ. ಮೊದಲ ಗನ್ನಿನ ಎ ತೂತಿನಲ್ಲಿ ಐಸೊ ಹರಳುಗಟ್ಟಿ ದಾರಿಯ ಮೂರನೇ ಒಂದು ಭಾಗ ಮುಚ್ಚಿಕೊಂಡಿದೆ. ಬಿ ಎರಡೂ ಗನ್ನಿಗೆ ಐದೈದು ಲೀಟರ್ ಹಂಚಿಹೋಗುತ್ತದೆ. ಎ ಮಾತ್ರ ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೆ ಆರು. ಒಟ್ಟು ಲೆಕ್ಕ ಹತ್ತಕ್ಕೆ ಹತ್ತು, ಯಂತ್ರದ ಪುಸ್ತಕದಲ್ಲಿ ಎಲ್ಲ ಸರಿ. ಗೋಡೆಯ ಮೇಲೆ ಒಬ್ಬನ ನೊರೆ ರೆಸಿನ್ ಹೆಚ್ಚಾಗಿ ಮೆತ್ತಗೆ, ಇನ್ನೊಬ್ಬನದು ಐಸೊ ಹೆಚ್ಚಾಗಿ ಪುಡಿಪುಡಿ. ಒಂದು ತೂತಿನ ಕೊಳೆ ಎರಡು ಗೋಡೆ ಕೆಡಿಸುತ್ತದೆ. ಅದರಲ್ಲೂ ಶುಚಿಯಾಗಿ ಗನ್ ಇಟ್ಟುಕೊಂಡವನ ಗೋಡೆಯೂ ಕೆಡುತ್ತದೆ.

ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲವೇ? ಯಂತ್ರವು ಎ, ಬಿ ಒತ್ತಡಗಳ ವ್ಯತ್ಯಾಸ ನೋಡುತ್ತಿರುತ್ತದೆ. ಅದು ಸುಮಾರು 500 ಪಿಎಸ್‌ಐ ದಾಟಿದರೆ ನಿಲ್ಲುವಂತೆ ಸಾಮಾನ್ಯವಾಗಿ ಹೊಂದಿಸಿರುತ್ತಾರೆ. 1200 ಪಿಎಸ್‌ಐನಲ್ಲಿ ಒಂದೇ ಗನ್ ಓಡುವಾಗ ಎ ತೂತಿಗೆ ಮೇಲಿನಷ್ಟೇ ಕೊಳೆ ಸಿಕ್ಕಿದರೆ ಎರಡೂ ಪಂಪು ನಿಧಾನವಾಗಿ ಬಿ ಒತ್ತಡ ಸುಮಾರು 530ಕ್ಕೆ ಇಳಿಯುತ್ತದೆ, ಯಂತ್ರ ತಕ್ಷಣ ನಿಲ್ಲುತ್ತದೆ. ಎರಡು ಗನ್ ಓಡುವಾಗ ಎರಡನೆಯ ಗನ್ ಹೆಚ್ಚುವರಿ ಐಸೊಗೆ ದಾರಿ ಬಿಡುವುದರಿಂದ ಬಿ ಇಳಿಯುವುದು 830ರವರೆಗೆ ಮಾತ್ರ. ವ್ಯತ್ಯಾಸ 370, ಗಂಟೆ ಮೌನ. ಹೊಸ ಯಂತ್ರಗಳು ಹರಿವನ್ನೇ ಅಳೆಯುತ್ತವಾದರೂ ಅವುಗಳ ಮೀಟರು ಇರುವುದು ಕವಲಿಗೆ ಮುಂಚೆ. ಅವಕ್ಕೂ ಕಾಣುವುದು ಒಟ್ಟು ಮೊತ್ತವೇ. ಎರಡು ಗನ್ ಕಟ್ಟುವವರು ಎಚ್ಚರಿಕೆಯ ಮಿತಿಯನ್ನು ಇನ್ನೂ ಕೆಳಗಿಳಿಸಿ, ಪ್ರತಿ ಕವಲಿಗೂ ಎ, ಬಿ ಎರಡಕ್ಕೂ ಒತ್ತಡದ ಮಾಪಕ ಹಾಕಿಸಬೇಕು. ಇದು ಅನಗತ್ಯ ಖರ್ಚು ಎನ್ನುವ ಮಾತು ಒಪ್ಪತಕ್ಕದ್ದಲ್ಲ. ಕೆಟ್ಟ ನೊರೆಯನ್ನು ಗೋಡೆಯಿಂದ ಕೆರೆದು ತೆಗೆಯುವ ಕೆಲಸ ಒಮ್ಮೆ ನೋಡಿದರೂ ಸಾಕು, ಮಾಪಕದ ಬೆಲೆ ತಿಳಿಯುತ್ತದೆ.

ಮಾಪಕಕ್ಕಿಂತ ಹಳೆಯ ಪರೀಕ್ಷೆ ಕೈಯದ್ದು. ರಟ್ಟಿನ ತುಂಡಿನ ಮೇಲೆ ಮೊದಲು ಒಂದೊಂದೇ ಗನ್ನಿನಿಂದ, ಆಮೇಲೆ ಎರಡನ್ನೂ ಒಟ್ಟಿಗೆ ಹೊಡೆದು ನಾಲ್ಕು ಮಾದರಿ ತೆಗೆಯುತ್ತಾರೆ. ಆರಿದ ಮೇಲೆ ಚಾಕುವಿನಿಂದ ಸೀಳಿ ನೋಡುತ್ತಾರೆ. ಒಳ್ಳೆಯ ಕ್ಲೋಸ್ಡ್ ಸೆಲ್ ನೊರೆಯ ಸೀಳು ನುಣುಪಾಗಿ, ಸಣ್ಣ ಒಂದೇ ಅಳತೆಯ ಕಣ್ಣುಗಳಿಂದ ತುಂಬಿ, ಹೆಬ್ಬೆರಳಿಗೆ ಬಿಗಿಯಾಗಿ ಎದುರೊತ್ತುತ್ತದೆ. ಐಸೊ ಹೆಚ್ಚಾದದ್ದು ಉಗುರಿಗೆ ಸಿಕ್ಕಿ ಕರಕರ ಪುಡಿಯಾಗುತ್ತದೆ. ರೆಸಿನ್ ಹೆಚ್ಚಾದದ್ದು ಒತ್ತಿದರೆ ತಗ್ಗಾಗಿ ಹಾಗೇ ಉಳಿಯುತ್ತದೆ, ವಾಸನೆಯೂ ಹೋಗದು. ಒಂಟಿಯಾಗಿ ಹೊಡೆದಾಗ ಚೆನ್ನಾಗಿದ್ದು, ಜೊತೆಯಲ್ಲಿ ಹೊಡೆದಾಗ ಒಂದು ಮೆತ್ತಗೆ ಇನ್ನೊಂದು ಪುಡಿ ಬಂದರೆ ಹಂಚಿಕೆ ತಪ್ಪಿದೆ ಎಂದೇ ಅರ್ಥ. ಮೆತ್ತಗೆ ಬಂದ ಗನ್ನಿನಲ್ಲಿ ಎ ದ್ರವ ಸೋಸುವ ಜಾಲರಿಯನ್ನೋ ಪುಡಿ ಬಂದ ಗನ್ನಿನಲ್ಲಿ ಬಿ ಜಾಲರಿಯನ್ನೋ ಬಿಚ್ಚಿ ನೋಡಬೇಕೆಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಉಳಿದದ್ದು ಇಬ್ಬರ ಹೊಂದಾಣಿಕೆ. ಒಬ್ಬ ಟ್ರಿಗರ್ ಒತ್ತಿದ ಕ್ಷಣ ಇನ್ನೊಬ್ಬನ ಗನ್ನಿನಲ್ಲಿ ಒತ್ತಡ ತುಸು ಇಳಿದು ಬೀಸು ಕಿರಿದಾಗುತ್ತದೆ. ಬಿಟ್ಟ ಕ್ಷಣ ಏರಿ, ಬೀಸು ಅಗಲವಾಗಿ ಅಂಚಿನಲ್ಲಿ ತುಂತುರು ಹಾರುತ್ತದೆ. ಮುಖವಾಡದೊಳಗಿನಿಂದ ಮಾತು ಕೇಳದು. ನುರಿತ ಜೋಡಿ ಮಾತಿಲ್ಲದೆಯೇ ಇದನ್ನು ಕೈಯಲ್ಲಿ ಗುರುತಿಸುತ್ತದೆ: ಬೀಸು ಕಿರಿದಾದರೆ ಕೈ ನಿಧಾನ, ಅಗಲವಾದರೆ ಕೈ ಚುರುಕು. ಮರದ ಚೌಕಟ್ಟಿನ ಗೋಡೆಯಲ್ಲಿ ಇಬ್ಬರೂ ಒಂದೇ ಬಗೆಯ ಕೆಲಸ ಮಾಡುವುದಕ್ಕಿಂತ ಪಾಲು ಹಂಚಿಕೊಳ್ಳುವುದು ಒಳ್ಳೆಯದು. ಒಬ್ಬ ಸಣ್ಣ ಚೇಂಬರಿನಿಂದ ಪ್ರತಿ ಅಂಕಣದ ನಾಲ್ಕೂ ಅಂಚಿಗೆ ಮರಕ್ಕೆ ಅಂಟುವಂತೆ ಗೆರೆ ಎಳೆಯುತ್ತ ಮುಂದೆ ಸಾಗುತ್ತಾನೆ, ಹಿಂದಿನವನು ನಡುಭಾಗ ತುಂಬುತ್ತ ಬರುತ್ತಾನೆ. ಮರಕ್ಕೂ ನೊರೆಗೂ ನಡುವೆ ಸಂದು ಬೀಳುವುದು ಅಂಚಿನಲ್ಲೇ ಆದ್ದರಿಂದ ಅಂಚಿಗೆ ಅನುಭವಿಯನ್ನು ಹಾಕುವುದೇ ಸರಿ. ಹಲವು ತಂಡಗಳು ಇದನ್ನು ತಲೆಕೆಳಗು ಮಾಡಿ ಹೊಸಬನಿಗೆ ಅಂಚು ಕೊಡುತ್ತವೆ. ಬಯಲು ಛಾವಣಿಯಲ್ಲಿ ಇಬ್ಬರೂ ಸಮನಾದ ಚೇಂಬರಿನಿಂದ ಪಕ್ಕಪಕ್ಕದ ಪಟ್ಟಿಗಳನ್ನು ಹಿಡಿದು, ಒಬ್ಬನ ಪಟ್ಟಿ ಪೂರ್ತಿ ಆರುವ ಮುನ್ನವೇ ಇನ್ನೊಬ್ಬನ ಅಂಚು ಅದರ ಮೇಲೆ ಕೂರುವಂತೆ ನಡೆಯುತ್ತಾರೆ. ಒಂಟಿ ಗನ್ನಿಗೆ ಸಾಧ್ಯವಾಗದ ಹೊಂದಿಕೆ ಇದು. ಎರಡು ಗನ್ನಿನ ಕೆಲಸದ ಅತಿ ಚೆಂದದ ಭಾಗವೂ ಹೌದು.

ಗಾಳಿಯ ಲೆಕ್ಕ ಚಿಕ್ಕದು, ಮರೆಯುವಂಥದ್ದಲ್ಲ. ಟ್ರಿಗರ್ ಬಿಟ್ಟಾಗ ಚೇಂಬರನ್ನು ತೊಳೆಯುವುದು ಗಾಳಿ. ಎರಡು ಗನ್ನಿಗೆ ಕಂಪ್ರೆಸರೂ ಅಷ್ಟೇ ದೊಡ್ಡದಿರಬೇಕು, ಗಾಳಿ ಒಣಗಿಸುವ ಡ್ರೈಯರೂ ಇರಬೇಕು. ತೇವ ಸೇರಿದರೆ ಐಸೊ ಹರಳುಗಟ್ಟುತ್ತದೆ. ಐಸೊ ಆವಿ ಆಸ್ತಮಾ ತರಬಲ್ಲದು, ಒಮ್ಮೆ ಅದು ಒಗ್ಗದಾದ ದೇಹ ಮುಂದೆ ಅತ್ಯಲ್ಪವನ್ನೂ ತಡೆಯದು. ಇಬ್ಬರಿಗೂ ಹೊರಗಿನ ಶುದ್ಧ ಗಾಳಿ ತರುವ ಬೇರೆಬೇರೆ ಮುಖವಾಡ ಬೇಕು. ಒಂದು ಮುಖವಾಡದಲ್ಲಿ ಎರಡು ಗನ್ ನಡೆಸುವ ತಂಡ ಕೆಲಸ ಶುರುಮಾಡಲೇಬಾರದು.

ಕೆಲಸ ಮುಗಿದಾಗ ಮುಚ್ಚುವ ಕ್ರಮವೂ ಜೋಡಿಯದ್ದೇ. ಮೊದಲು ಒಂದು ಗನ್ನಿನ ಎ, ಬಿ ಕವಾಟ ಮುಚ್ಚಿ, ಉಳಿದ ಒತ್ತಡವನ್ನು ಹೊಡೆದು ಕಳೆದು, ಗ್ರೀಸ್ ತುಂಬುತ್ತಾರೆ, ಆಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಒಂದರ ಕಡೆ ಒತ್ತಡ ಉಳಿದು, ಒಂದು ದ್ರವ ಇನ್ನೊಂದರ ದಾರಿಗೆ ನುಗ್ಗುವ ಅಪಾಯವಿದೆ. ಕವಲಿನವರೆಗೆ ಹಾಗೆ ನುಗ್ಗಿ ಗಟ್ಟಿಯಾದರೆ ಹೋಗುವುದು ಗನ್ನಲ್ಲ, ತಾಯಿ ಹೋಸು. ಕವಲಿನ ಬುಡದಲ್ಲಿ ನಾಲ್ಕು ಕವಾಟ ಇರುವುದು ಇದಕ್ಕೇ. ಅವು ಮುಚ್ಚಿದ ಮೇಲೆ ಪಂಪುಗಳನ್ನು ತಳಕ್ಕಿಳಿಸಿ ನಿಲ್ಲಿಸುತ್ತಾರೆ, ಐಸೊ ಮೆತ್ತಿದ ದಂಡ ಗಾಳಿಗೆ ತೆರೆದಿರದಂತೆ. ಕೊನೆಗೆ ಹೋಸಿನ ಬಿಸಿ ಆರಿಸಿ, ಎರಡೂ ಗನ್ನಿನ ಜಾಲರಿಗಳನ್ನು ಬಿಚ್ಚಿ ತೊಳೆದು, ಯಾವುದು ಯಾವ ಗನ್ನಿನದೆಂದು ಗುರುತು ಹಾಕಿ ಎತ್ತಿಡುತ್ತಾರೆ.