ನದೀಮೂಲವನ್ನು ಹುಡುಕಿ ಹೊರಟವರು

ಋಷಿಮೂಲ, ನದೀಮೂಲ ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಲನಚಿತ್ರದ ಪೂರ್ವಕಥೆಗಳಿಗೂ ಈ ಮಾತು ಅನ್ವಯಿಸುವುದೆಂದು ನನಗೆ ತೋರಿದ್ದು ‘ಪ್ರೊಮೀಥಿಯಸ್’ ನೋಡಿದ ಮೇಲೆ.

ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಏಲಿಯನ್’ ತೆರೆಕಂಡದ್ದು 1979ರಲ್ಲಿ. ನಾನು ಅದನ್ನು ನೋಡಿದ್ದು ಸುಮಾರು ಹತ್ತು ವರ್ಷ ತಡವಾಗಿ, ಬಾಡಿಗೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ, ಅಣ್ಣನ ಪಕ್ಕದಲ್ಲಿ ಕುಳಿತು. ನೌಕೆಯೊಳಗೆ ಹೊಂಚುಹಾಕುವ ಪ್ರಾಣಿಗಿಂತಲೂ ನಮ್ಮನ್ನು ಕಾಡಿದವನು, ಪಾಳುಬಿದ್ದ ಇನ್ನೊಂದು ನೌಕೆಯಲ್ಲಿ ಆಸನಕ್ಕೆ ಬೆಸೆದುಕೊಂಡಂತೆ ಸತ್ತು ಶಿಲೆಯಾಗಿದ್ದ ದೈತ್ಯ ಚಾಲಕ. ಅವನ ಎದೆಗೂಡಿನ ಎಲುಬುಗಳು ಒಳಗಿನಿಂದ ಹೊರಕ್ಕೆ ಬಾಗಿದ್ದವು. ಅವನು ಯಾರು, ಎಲ್ಲಿಯವನು ಎಂಬುದನ್ನು ಚಿತ್ರ ಹೇಳುವುದಿಲ್ಲ. ಆ ನೌಕೆಯಿಂದ ಬರುತ್ತಿದ್ದ ಸಂಕೇತ ಎಚ್ಚರಿಕೆಯಿರಬಹುದೆಂಬ ಸುಳಿವಷ್ಟೇ ಉಂಟು. ಅಷ್ಟರ ಮೇಲೆಯೇ ಅಣ್ಣ ಕಥೆ ಕಟ್ಟಿದ: ಸಾವು ಖಚಿತವೆಂದು ತಿಳಿದ ಮೇಲೂ, ಬೇರೆಯವರು ಇತ್ತ ಬಾರದಿರಲೆಂದು ಆತ ಆಸನ ಬಿಟ್ಟೇಳಲಿಲ್ಲ.

2012ರಲ್ಲಿ, ಮೂವತ್ತಮೂರು ವರ್ಷಗಳ ತರುವಾಯ, ಅದೇ ನಿರ್ದೇಶಕರ ಪೂರ್ವಕಥೆ ಬಂದಿತು. ಅಣ್ಣ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಮುಂಬಯಿಯ ಚಿತ್ರಮಂದಿರವೊಂದಕ್ಕೆ ಅವನ ಪರವಾಗಿಯೂ ಹೋದೆನೆಂದರೆ ತಪ್ಪಾಗದು.

ಆರಂಭ ಅದ್ಭುತ. ಐಸ್‌ಲ್ಯಾಂಡಿನ ದೆತ್ತಿಫಾಸ್ ಜಲಪಾತದ ನೆತ್ತಿಯಲ್ಲಿ ಬಿಳಿಚಿದ ಮಹಾಕಾಯನೊಬ್ಬ ಕಪ್ಪು ದ್ರವವನ್ನು ಕುಡಿದು, ಕರಗಿ, ನೀರಿಗೆ ಬೀಳುತ್ತಾನೆ. ಆ ಸಾವಿನಿಂದ ಜೀವ ಮೊಳೆಯುತ್ತದೆ. ಬಳಿಕ ಚಿತ್ರ ವಿವರಿಸಲು ತೊಡಗುತ್ತದೆ. ನಾವು ಎಲುಬೆಂದು ನಂಬಿದ್ದು ಬರಿಯ ಉಡುಪಂತೆ. ಒಳಗಿರುವುದು ನಮ್ಮನ್ನೇ ಹೋಲುವ ಎತ್ತರದ ಮನುಷ್ಯಾಕೃತಿ. ಆ ಕುಲದವರು ಭೂಮಿಯನ್ನು ನಾಶಮಾಡಲು ಹೊರಟಿದ್ದರಂತೆ. ಅಣ್ಣನ ತ್ಯಾಗಿಗೆ ಅಲ್ಲಿ ಸ್ಥಳವಿರಲಿಲ್ಲ. ವಿಜ್ಞಾನಿಗಳ ವರ್ತನೆಯಂತೂ ನಗೆ ತರಿಸುತ್ತದೆ: ಸುರಂಗದ ನಕ್ಷೆ ತಯಾರಿಸಿದವನೇ ದಾರಿ ತಪ್ಪುತ್ತಾನೆ, ಜೀವವಿಜ್ಞಾನಿ ಹೆಡೆಯೆತ್ತಿದ ಅಪರಿಚಿತ ಜಂತುವನ್ನು ಮುದ್ದುಮಾಡಲು ಕೈ ಚಾಚುತ್ತಾನೆ. ಕಥೆ ಮುಂದೆ ಸಾಗಲೆಂದು ಪಾತ್ರಗಳು ಬುದ್ಧಿಯನ್ನು ತ್ಯಜಿಸಿವೆ.

ಆದರೂ ಈ ಚಿತ್ರವನ್ನು ತಳ್ಳಿಹಾಕಲಾರೆ, ಕಾರಣ ಡೇವಿಡ್. ಮೈಕೇಲ್ ಫಾಸ್‌ಬೆಂಡರ್ ಅಭಿನಯಿಸಿದ ಈ ಯಂತ್ರಮಾನವ, ತನ್ನನ್ನು ಏಕೆ ಸೃಷ್ಟಿಸಿದಿರೆಂದು ಒಬ್ಬ ವಿಜ್ಞಾನಿಯನ್ನು ಕೇಳುತ್ತಾನೆ. ಸಾಧ್ಯವಾಯಿತು, ಮಾಡಿದೆವು ಎಂಬರ್ಥದ ಉಡಾಫೆಯ ಉತ್ತರ ಸಿಗುತ್ತದೆ. ನಿಮ್ಮ ಸೃಷ್ಟಿಕರ್ತನಿಂದಲೂ ಇದೇ ಉತ್ತರ ಬಂದರೆ ಎಷ್ಟು ನಿರಾಶೆಯಾದೀತು ಎಂದು ಅವನು ಮೆಲ್ಲನೆ ಮರುಪ್ರಶ್ನಿಸುತ್ತಾನೆ. ಕಡೆಗೆ ಎಚ್ಚರಗೊಂಡ ಸೃಷ್ಟಿಕರ್ತ ಮಾತೇ ಆಡದೆ ಡೇವಿಡನ ತಲೆಯನ್ನು ಕಿತ್ತೆಸೆಯುತ್ತಾನೆ. ನಮ್ಮನ್ನು ಏಕೆ ಸೃಷ್ಟಿಸಿದರು, ಏಕೆ ಅಳಿಸಹೊರಟರು ಎಂಬುದು ತಿಳಿಯುವುದೇ ಇಲ್ಲ. ಚಾಲಕ ಯಾರೆಂಬ ಸಣ್ಣ ಪ್ರಶ್ನೆಗೆ ಉತ್ತರಿಸಿ ಸೋತ ಚಿತ್ರ, ಈ ದೊಡ್ಡ ಪ್ರಶ್ನೆಯನ್ನು ಹಾಗೆಯೇ ಉಳಿಸಿ ಗೆದ್ದಿದೆ.

ಕೆಲವು ದಿನಗಳ ಬಳಿಕ ‘ಏಲಿಯನ್’ ಅನ್ನು ಮತ್ತೆ ನೋಡಿದೆ. ಅದು ಉಡುಪೆಂಬುದು ನೆನಪಿತ್ತು. ಕಣ್ಣಿಗೆ ಕಂಡದ್ದು ಮಾತ್ರ ಎಲುಬೇ. ಅಣ್ಣನ ಚಾಲಕ ಆಸನ ಬಿಟ್ಟು ಎದ್ದಿರಲಿಲ್ಲ.