ಯಾವುದಕ್ಕೆ ಯಾವುದು ಕಾಯಬೇಕು?

ಕಳೆದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಂಪ್ಯೂಟರಿನ ಉದ್ಯೋಗ. ಲ್ಯಾಪ್‌ಟಾಪಿನಲ್ಲಿ ಏನೋ ಆಜ್ಞೆ ಕೊಟ್ಟು, "ಒಂದೊಂದಾಗಿ ಮಾಡಿಸಿದರೆ ಇಪ್ಪತ್ತು ನಿಮಿಷ ಬೇಕು ಮಾಸ್ಟ್ರೇ, ನಾಲ್ಕು ಒಟ್ಟಿಗೆ ಮಾಡಿಸಿದರೆ ಏಳೆಂಟು ಸಾಕು" ಎಂದ. "ಏನದು? ಕನ್ನಡದಲ್ಲೇ ಹೇಳು ನೋಡುವ" ಎಂದೆ.

ಹೇಳಿದ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವುದೇ ಕಂಪೈಲ್ ಮಾಡುವುದು. ದೊಡ್ಡ ಪ್ರೋಗ್ರಾಮಿನಲ್ಲಿ ನೂರಾರು ಕಡತಗಳಿರುತ್ತವೆ. ಒಂದೊಂದನ್ನೂ ಬೇರೆಬೇರೆ ತಿರುಗಿಸಿ ಕೊನೆಗೆ ಜೋಡಿಸಬೇಕು. ಯಾವುದಕ್ಕಿಂತ ಮೊದಲು ಯಾವುದು ಸಿದ್ಧವಾಗಬೇಕೆಂಬ ಪಟ್ಟಿ ನೋಡಿ ಕೆಲಸ ಮಾಡಿಸುವ 'ಮೇಕ್' ಎಂಬ ಸಾಧನವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಈಗ ಒಂದೇ ಚಿಪ್ಪಿನಲ್ಲಿ ನಾಲ್ಕೋ ಎಂಟೋ ಕೋರ್‌ಗಳಿರುವುದರಿಂದ, 'ಜೆ 4' ಎಂದು ಸೇರಿಸಿದರೆ ನಾಲ್ಕು ಕಡತಗಳ ಕೆಲಸ ಏಕಕಾಲಕ್ಕೆ ನಡೆಯುತ್ತದೆ.

"ನೂರು ಕೋರ್ ಇದ್ದರೆ?"

"ಮದುವೆಯ ಮುನ್ನಾದಿನ ತರಕಾರಿ ಹೆಚ್ಚಲು ನೆರೆಕರೆಯವರೆಲ್ಲ ಬರುತ್ತಾರಲ್ಲ, ಹಾಗೆ. ಮೆಟ್ಟುಕತ್ತಿ ಹೆಚ್ಚಿದಷ್ಟೂ ಬೇಗ. ಆದರೆ ಸಾಂಬಾರು ಒಂದೇ ಕೊಪ್ಪರಿಗೆಯಲ್ಲಿ ಕುದಿಯಬೇಕು!"

1967ರಲ್ಲಿ ಜೀನ್ ಆಮ್ಡಾಲ್ ಎತ್ತಿದ ವಾದವೂ ಇದೇ. ನೂರು ನಿಮಿಷದ ಕೆಲಸದಲ್ಲಿ ಹತ್ತು ನಿಮಿಷದ್ದು ಹಂಚಲಾರದ್ದಾದರೆ, ಎಷ್ಟು ಕೈ ಸೇರಿದರೂ ಹತ್ತು ನಿಮಿಷಕ್ಕಿಂತ ಕೆಳಗೆ ಇಳಿಯದು.

ಅಷ್ಟರಲ್ಲಿ ಪರದೆಯಲ್ಲಿ ತಪ್ಪು ತೋರಿಸಿ ಕೆಲಸ ನಿಂತಿತು. ಅವನು ನಕ್ಕ. "ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಒಂದೊಂದಾಗಿ ಮಾಡುವಾಗ ಬೇಕಾದ ಕಡತ ಹೇಗೂ ಮೊದಲೇ ಸಿದ್ಧವಾಗುತ್ತಿತ್ತು. ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ."

ನಾನು ನಗಲಿಲ್ಲ. ಈ ಸಂಚಿಕೆಯನ್ನು ಹಲವು ವರ್ಷ ನಾನೊಬ್ಬನೇ ಸಿದ್ಧಪಡಿಸುತ್ತಿದ್ದೆ. ಹಿಂದಿನ ವರ್ಷ ಜ್ವರದಿಂದ ಮಲಗಿದಾಗ ಸಹೋದ್ಯೋಗಿಗಳೂ ಮಕ್ಕಳೂ ಉತ್ಸಾಹದಿಂದ ಕೆಲಸ ಹಂಚಿಕೊಂಡರು. ಕರಡು ತಿದ್ದಿ ಮುಗಿಯುವ ಮೊದಲೇ ಪುಟ ಜೋಡಿಸಿದರು, ಪುಟ ಜೋಡಿಸುವ ಮೊದಲೇ ಪರಿವಿಡಿ ಬರೆದರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಕವನ ಅರ್ಧವೇ ಅಚ್ಚಾಯಿತು. ಅದು ಅವಳಿಗೆ ಶಾಲೆಯ ಕೊನೆಯ ವರ್ಷ. ನಾನು ಎಲ್ಲರನ್ನೂ ಗದರಿಸಿದ್ದೆ. ಆದರೆ ಯಾವುದಕ್ಕೆ ಯಾವುದು ಕಾಯಬೇಕೆಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು; ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಅದನ್ನು ಬರೆದು ಅಧ್ಯಾಪಕರ ಕೊಠಡಿಯ ಕಪಾಟಿಗೆ ಅಂಟಿಸಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದರಲ್ಲೂ ಒಂದು ಸಾಲು ಬಿಟ್ಟುಹೋದದ್ದನ್ನು ತೋರಿಸಿಕೊಟ್ಟ. ಆ ಕವನವನ್ನು ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಕೊಟ್ಟಿದ್ದೇವೆ. ಪುಟಸಂಖ್ಯೆಯನ್ನು ಪರಿವಿಡಿಯಲ್ಲಿ ನೋಡಿರಿ.