ನನ್ನ ತಪ್ಪು ಚೀಟಿಗಳು ಮತ್ತು ಆಳ ಸಮುದ್ರದ ಬಳಚುಗಳು



ಡಿಸೆಂಬರ್ ತಿಂಗಳಲ್ಲಿ ನಡೆದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನನ್ನ ಚಿಪ್ಪಿನ ಪೆಟ್ಟಿಗೆಗೆ ಎರಡನೇ ಬಹುಮಾನ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಹೆಸರು ಕರೆದು ಚಪ್ಪಾಳೆ ತಟ್ಟಿಸಿದರು. ಆ ಪೆಟ್ಟಿಗೆಯಲ್ಲಿ 14 ಮನೆಗಳು, 14 ಚೀಟಿಗಳು. ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ‘ನಮ್ಮ ಅಳಿವೆಯ 14 ಜಾತಿಯ ಚಿಪ್ಪುಗಳು’ ಎಂದು ದೊಡ್ಡದಾಗಿ ಬರೆದಿದ್ದೆ. ಆ 14 ಎಂಬ ಲೆಕ್ಕ ತಪ್ಪು. ಆ ತಪ್ಪು ಹೇಗೆ ಗೊತ್ತಾಯಿತು, ಆಮೇಲೆ ನಾನು ಏನು ಕಲಿತೆ ಎಂಬುದನ್ನು ಈ ಸಲದ ಗೋಡೆಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಚಿಪ್ಪಿಗೆ ಬರವಿಲ್ಲ. ಅಮ್ಮ ಮತ್ತು ದೊಡ್ಡಮ್ಮ ನೀರು ಇಳಿದ ಹೊತ್ತಿಗೆ ಅಘನಾಶಿನಿ ಅಳಿವೆಗೆ ಹೋಗಿ ಬಳಚು ಆರಿಸಿ ತರುತ್ತಾರೆ. ಸಾರಾದ ಮೇಲೆ ಉಳಿಯುವ ಚಿಪ್ಪು ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ. ಅದರಲ್ಲಿ ಚೆಂದದ್ದನ್ನು ಆರಿಸಿ, ತೊಳೆದು, ಬಣ್ಣ ಮತ್ತು ಗಾತ್ರ ನೋಡಿ ಬೇರೆ ಬೇರೆ ಮಾಡಿದೆ. ಬಿಳಿಯದು ಒಂದು ಜಾತಿ, ಕಪ್ಪಾದದ್ದು ಇನ್ನೊಂದು ಜಾತಿ. ದೊಡ್ಡದು ಒಂದು, ಚಿಕ್ಕದು ಒಂದು. ಹೀಗೆ 14 ಆಯಿತು.

ಬಹುಮಾನ ಬಂದ ವಾರವೇ ಪೆಟ್ಟಿಗೆಯನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಬಂದು 4ನೇ ಮನೆಯ ಬಿಳಿ ಚಿಪ್ಪನ್ನೂ 9ನೇ ಮನೆಯ ಕಪ್ಪು ಚಿಪ್ಪನ್ನೂ ಕೈಗೆ ತೆಗೆದುಕೊಂಡಳು.

“ಅಣ್ಣಾ, ಇವೆರಡೂ ಒಂದೇ ಅಲ್ವಾ?” ಎಂದಳು.

“ಮುಟ್ಬೇಡ! ಬಹುಮಾನ ಬಂದ ಪೆಟ್ಟಿಗೆ ಅದು” ಎಂದು ಗದರಿಸಿದೆ.

ಅಷ್ಟರಲ್ಲಿ ಅವಳು ಎರಡನ್ನೂ ಸೇರಿಸಿಬಿಟ್ಟಿದ್ದಳು. ಟಪ್ ಎಂದು ಡಬ್ಬಿಯ ಹಾಗೆ ಮುಚ್ಚಿಕೊಂಡವು. ಒಂದು ಕೂದಲೆಳೆ ಸಂದೂ ಇರಲಿಲ್ಲ. ಒಂದೇ ಬಳಚಿನ ಎಡಚಿಪ್ಪು, ಬಲಚಿಪ್ಪು! ಒಂದು ಬಿಸಿಲಿಗೆ ಬೆಳ್ಳಗಾಗಿತ್ತು, ಇನ್ನೊಂದು ಕೆಸರಿನಲ್ಲಿದ್ದು ಕಪ್ಪಾಗಿತ್ತು. ನಾನು ಅದಕ್ಕೆ ಎರಡು ಜಾತಿ ಎಂದು ಚೀಟಿ ಅಂಟಿಸಿದ್ದೆ. ಹುಡುಗಿ ಏನೂ ಹೇಳದೆ ಚಿಪ್ಪು ಇಟ್ಟು ಹೋದಳು. ಅವಳು ನಕ್ಕಿದ್ದರೂ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ವಿಜ್ಞಾನದ ಅಕ್ಕೋರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

“ಎಂತ ನೋಡಿ ಬೇರೆ ಜಾತಿ ಅಂದೆ?” ಎಂದು ಕೇಳಿದರು.

“ಬಣ್ಣ ನೋಡಿ, ಅಕ್ಕೋರೇ.”

“ಬಣ್ಣವೇ ಇಲ್ಲದಿದ್ರೆ ಎಂತ ಮಾಡ್ತಿದ್ದೆ?”

ನನಗೆ ಉತ್ತರ ಹೊಳೆಯಲಿಲ್ಲ. ಆಗ ಅಕ್ಕೋರು ಕಲ್ಲಾಗಿ ಹೋದ ಚಿಪ್ಪುಗಳ, ಅಂದರೆ ಪಳೆಯುಳಿಕೆಗಳ ವಿಷಯ ಹೇಳಿದರು. ಅವುಗಳಲ್ಲಿ ಬಣ್ಣ ಉಳಿಯುವುದು ಬಹಳ ಅಪರೂಪ. ಒಳಗಿನ ಜೀವವೂ ಇರುವುದಿಲ್ಲ. ಆದರೂ ಅವು ಯಾವ ಕುಲದವು ಎಂದು ಚಿಪ್ಪು ನೋಡಿಯೇ ಹೇಳಬೇಕು. ಅದರಲ್ಲೂ ಆಳ ಸಮುದ್ರದ ಬಳಚುಗಳ ಕತೆ ನನಗೆ ಬಹಳ ಇಷ್ಟವಾಯಿತು.

1977ರಲ್ಲಿ ಅಮೆರಿಕದ ವಿಜ್ಞಾನಿಗಳು ‘ಆಲ್ವಿನ್’ ಎಂಬ ಪುಟ್ಟ ಮುಳುಗುನೌಕೆಯಲ್ಲಿ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳ ಹತ್ತಿರ ಸುಮಾರು 2500 ಮೀಟರ್ ಆಳಕ್ಕೆ ಇಳಿದರು. ಅವರು ಭೂವಿಜ್ಞಾನಿಗಳು, ನೆಲದಿಂದ ಬಿಸಿನೀರು ಉಕ್ಕುವ ಜಾಗ ಹುಡುಕಲು ಹೋದವರು. ಬಿಸಿಲೇ ತಲುಪದ ಆ ಕತ್ತಲೆಯಲ್ಲಿ ಬಿಳಿ ಬಿಳಿ ದೊಡ್ಡ ಬಳಚುಗಳು ಗುಂಪು ಗುಂಪಾಗಿ ಕಂಡವು. ಅವು ಕಾಲು ಮೀಟರಿನಷ್ಟು ಉದ್ದ ಬೆಳೆಯುತ್ತವೆ. ಅವುಗಳ ಕಿವಿರಿನಲ್ಲಿ ಬ್ಯಾಕ್ಟೀರಿಯಾಗಳು ವಾಸ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಬಳಸಿ ಆ ಬ್ಯಾಕ್ಟೀರಿಯಾಗಳು ಆಹಾರ ತಯಾರಿಸುತ್ತವೆ, ಬಳಚು ಅದರಿಂದ ಬದುಕುತ್ತದೆ. ಈ ಬಳಚುಗಳ ಕುಟುಂಬದ ಹೆಸರು ವೆಸಿಕೊಮೈಯಿಡೇ.

ಇವುಗಳ ಪೂರ್ವಜರು ಕಲ್ಲಾಗಿ ಸಿಗುವುದು ನೆಲದ ಮೇಲೆಯೇ! ಸಮುದ್ರದ ತಳದಲ್ಲಿ ಮೀಥೇನ್ ಅನಿಲ ಜಿನುಗುವ ಕಡೆಯೂ ಇಂಥ ಬಳಚುಗಳು ಇರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಸುಣ್ಣಕಲ್ಲು ಕಟ್ಟಿಕೊಳ್ಳುತ್ತದೆ, ಚಿಪ್ಪುಗಳು ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಸಮುದ್ರದ ತಳವೇ ಮೇಲೆದ್ದು ನೆಲವಾಗುತ್ತದೆ. ಜಪಾನಿನಲ್ಲಿಯೂ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿಯೂ ಹೀಗೆ ಸಿಗುತ್ತವೆ. ಕಜುತಾಕಾ ಅಮಾನೊ ಮತ್ತು ಸ್ಟೆಫೆನ್ ಕೀಲ್ ಎಂಬ ಇಬ್ಬರು ವಿಜ್ಞಾನಿಗಳು ಉತ್ತರ ಪೆಸಿಫಿಕ್ ಸುತ್ತಲಿನ ಇಂಥ ಪಳೆಯುಳಿಕೆಗಳನ್ನು ಪರೀಕ್ಷಿಸಿ 2007ರಲ್ಲಿ ವಿವರವಾಗಿ ಬರೆದರು. ಅವುಗಳಲ್ಲಿ ಹಳೆಯವು ಸುಮಾರು 4 ಕೋಟಿ ವರ್ಷದ ಹಿಂದಿನವು.

ಹಾಗಾದರೆ ಗುರುತಿಸುವುದು ಹೇಗೆ? ಅಕ್ಕೋರು ಹೇಳಿದ್ದನ್ನು ನಾನು ನಾಲ್ಕು ಅಂಶ ಮಾಡಿ ಬರೆದುಕೊಂಡೆ. ಪಕ್ಕದಲ್ಲಿ ಅಂಟಿಸಿದ ಚಿತ್ರವನ್ನೂ ನೋಡಿ.

1. ಬಿಜಾಗರಿಯ ಹಲ್ಲು: ಎರಡು ಚಿಪ್ಪು ಸೇರುವ ಜಾಗ ಬಾಗಿಲಿನ ಬಿಜಾಗರಿಯಂತೆ ಇರುತ್ತದೆ. ಅಲ್ಲಿ ಕೊಕ್ಕಿನ ಕೆಳಗೆ ಸಣ್ಣ ಹಲ್ಲುಗಳಿರುತ್ತವೆ. ಒಂದು ಚಿಪ್ಪಿನ ಹಲ್ಲು ಇನ್ನೊಂದರ ಗುಳಿಯಲ್ಲಿ ಕೂರುತ್ತದೆ. ವೆಸಿಕೊಮೈಯಿಡೇ ಬಳಚಿಗೆ ಹಲ್ಲುಗಳಿವೆ. ಅದೇ ಜಾಗದಲ್ಲಿ ಬದುಕುವ ಸೊಲೆಮೈಯಾ ಎಂಬುದಕ್ಕೆ ಹಲ್ಲೇ ಇಲ್ಲ. ಹಲ್ಲು ಎಷ್ಟು, ಯಾವ ಕಡೆಗೆ ವಾಲಿವೆ ಎಂಬುದೂ ಮುಖ್ಯ.

2. ಸ್ನಾಯುವಿನ ಗುರುತು: ಚಿಪ್ಪು ಮುಚ್ಚುವ ಸ್ನಾಯು ಅಂಟಿದ್ದ ಕಡೆ ಒಳಗೆ ಎರಡು ಗುರುತು ಉಳಿಯುತ್ತದೆ. ಲ್ಯೂಸಿನಾ ಕುಟುಂಬದಲ್ಲಿ ಮುಂದಿನ ಗುರುತು ಸಾಮಾನ್ಯವಾಗಿ ಬೆರಳಿನ ಹಾಗೆ ಉದ್ದವಾಗಿರುತ್ತದೆ.

3. ಒಳಗೆರೆ: ಒಳಪೊರೆ ಅಂಟಿದ್ದ ಗೆರೆ ಅಂಚಿನ ಗುಂಟ ಹೋಗುತ್ತದೆ. ನೀರು ಎಳೆಯುವ ನಳಿಗೆ ಒಳಗೆ ಸರಿಯುವ ಬಳಚಿನಲ್ಲಿ ಹಿಂಬದಿಯಲ್ಲಿ ಆ ಗೆರೆ ಒಳಕ್ಕೆ ಬಾಗಿರುತ್ತದೆ. ವೆಸಿಕೊಮೈಯಿಡೇ ಕುಟುಂಬದಲ್ಲಿ ಕೆಲವಕ್ಕೆ ಈ ಬಾಗು ಇದೆ, ಕೆಲವಕ್ಕೆ ಇಲ್ಲ.

4. ಕೊಕ್ಕಿನ ಕೆಳಗಿನ ಗುಳಿ: ಇದು ಇದೆಯೋ ಇಲ್ಲವೋ ಎಂಬುದರಿಂದಲೂ ಒಂದು ಗುಂಪನ್ನು ಇನ್ನೊಂದರಿಂದ ಬೇರೆ ಮಾಡುತ್ತಾರೆ.

ಇದನ್ನೆಲ್ಲ ಓದಿ ಸುಲಭ ಎಂದುಕೊಳ್ಳಬೇಡಿ. ಈ ನಾಲ್ಕೂ ಇರುವುದು ಚಿಪ್ಪಿನ ಒಳಗೆ. ಪಳೆಯುಳಿಕೆಯಲ್ಲಿ ಎರಡು ಚಿಪ್ಪು ಮುಚ್ಚಿಕೊಂಡೇ ಕಲ್ಲಾಗಿದ್ದರೆ ಹೊರಗಿನ ಆಕಾರ ಮಾತ್ರ ಕಾಣುತ್ತದೆ. ಸೂಜಿಯಂಥ ಉಪಕರಣದಿಂದ ಕಲ್ಲನ್ನು ಚೂರು ಚೂರಾಗಿ ಕೆರೆದು ಬಿಜಾಗರಿಯನ್ನು ಬಿಡಿಸಬೇಕು. ಚಿಪ್ಪೇ ಕರಗಿಹೋಗಿ ಅಚ್ಚು ಮಾತ್ರ ಉಳಿದಿದ್ದರೆ ಅದಕ್ಕೆ ರಬ್ಬರ್ ಸುರಿದು ಪಡಿಯಚ್ಚು ತೆಗೆಯುತ್ತಾರೆ.

ಹೊರಗಿನ ಆಕಾರ ನಂಬಿದರೆ ಮೋಸ ಹೋಗುತ್ತೇವೆ. ಒಂದೇ ಜಾತಿಯಲ್ಲಿ ಉದ್ದನೆಯದೂ ಗಿಡ್ಡನೆಯದೂ ಇರುತ್ತದೆ. ಬೇರೆ ಬೇರೆ ಜಾತಿಗಳು ಒಂದೇ ರೀತಿಯ ಜಾಗದಲ್ಲಿ ಬದುಕಿ ಒಂದೇ ಆಕಾರಕ್ಕೆ ಬಂದಿರುತ್ತವೆ. ಬದುಕಿರುವ ಬಳಚುಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ, ಚಿಪ್ಪು ನೋಡಿ ಒಂದೇ ಗುಂಪಿಗೆ ಸೇರಿಸಿದ್ದ ಕೆಲವು ಹತ್ತಿರದ ನೆಂಟರಲ್ಲ ಎಂದು ತಿಳಿಯಿತು. ಕೋಟಿ ವರ್ಷದ ಚಿಪ್ಪಿನಲ್ಲಿ ಡಿಎನ್‌ಎ ಸಿಗುವುದಿಲ್ಲ. ಅದಕ್ಕೇ ಅಲ್ಲಿ ಪ್ರತಿಯೊಂದು ಹಲ್ಲಿಗೂ ಬೆಲೆ.

ಗಲಪಗೋಸಿನ ಆ ದೊಡ್ಡ ಬಳಚಿಗೇ ಏನಾಯಿತು ನೋಡಿ. 1980ರಲ್ಲಿ ಕೆನೆತ್ ಬಾಸ್ ಮತ್ತು ರೂತ್ ಟರ್ನರ್ ಅದಕ್ಕೆ ‘ಕ್ಯಾಲಿಪ್ಟೊಜಿನಾ ಮ್ಯಾಗ್ನಿಫಿಕಾ’ ಎಂದು ಹೆಸರಿಟ್ಟರು. ಕ್ಯಾಲಿಪ್ಟೊಜಿನಾ ಎಂಬುದು 1891ರಲ್ಲಿಯೇ ವಿಲಿಯಂ ಡಾಲ್ ಎಂಬವರು ಇನ್ನೊಂದು ಬಳಚಿಗೆ ಕೊಟ್ಟಿದ್ದ ಹೆಸರು. 2020ರಲ್ಲಿ ಎಲೆನಾ ಕ್ರಿಲೋವಾ ಮತ್ತು ಹೈಕೊ ಸಾಲಿಂಗ್ ಅವರ ಲೇಖನ ಬಂತು. ಆ ದೊಡ್ಡ ಬಳಚು ಆ ಗುಂಪಿಗೆ ಸೇರುವುದಿಲ್ಲ ಎಂದು ತೋರಿಸಿ ಅದಕ್ಕೆ ‘ಟರ್ನೆರೊಕೊಂಕಾ’ ಎಂಬ ಹೊಸ ಕುಲ ಮಾಡಿದರು. ಮೊದಲು ಹೆಸರಿಟ್ಟ ಟರ್ನರ್ ಅವರ ಹೆಸರನ್ನೇ ಹೊಸ ಕುಲಕ್ಕೆ ಇಟ್ಟರು! ಹಳೆಯ ಹೆಸರನ್ನೂ ಅಳಿಸುವುದಿಲ್ಲ, ಪಟ್ಟಿಯಲ್ಲಿ ಜೊತೆಗೇ ಬರೆಯುತ್ತಾರೆ.

“40 ವರ್ಷದ ಮೇಲೆ ಅವರ ಚೀಟಿ ಬದಲಾಯ್ತು. ನಿಂದು ಒಂದು ವಾರಕ್ಕೇ ಬದಲಾದ್ರೆ ಅಳೂದೆಂತಕ್ಕೆ?” ಎಂದರು ಅಕ್ಕೋರು. ಬಹುಮಾನದ ಪ್ರಮಾಣಪತ್ರ ವಾಪಸ್ ಕೊಡಲು ಹೋದೆ. “ಅದು ಇರ್ಲಿ. ಮೊದ್ಲು ಪೆಟ್ಟಿಗೆ ಸರಿ ಮಾಡು” ಎಂದರು.

ಭಾನುವಾರ ಇಡೀ ದಿನ ಜಗಲಿಯಲ್ಲಿ ಕೂತು ಚಿಪ್ಪುಗಳನ್ನು ಮಗುಚಿ ಒಳಭಾಗ ನೋಡಿದೆ. ನಮ್ಮ ಬಳಚು ಆ ಆಳ ಸಮುದ್ರದ ಕುಟುಂಬದ್ದಲ್ಲ. ಆದರೂ ಹಲ್ಲು, ಗುರುತು, ಗೆರೆ ಎಲ್ಲ ಇದರಲ್ಲಿಯೂ ಕಾಣುತ್ತದೆ. 4 ಮತ್ತು 9 ಒಂದಾದವು. 2, 7, 11 ಒಂದೇ ಬಳಚಿನ ಮರಿ, ನಡುಪ್ರಾಯದ್ದು, ದೊಡ್ಡದು. 1, 5, 12 ಬಣ್ಣ ಮಾತ್ರ ಬೇರೆ. ಲೆಕ್ಕ 9ಕ್ಕೆ ಇಳಿಯಿತು. ಆದರೆ 8ನೇ ಮನೆಯಲ್ಲಿ ಉಬ್ಬುಗೆರೆಯ ಚಿಪ್ಪುಗಳನ್ನೆಲ್ಲ ಒಂದೇ ಎಂದು ತುಂಬಿದ್ದೆ. ಮಗುಚಿದರೆ ಕೆಲವಕ್ಕೆ ಬಾಚಣಿಕೆಯ ಹಾಗೆ ಸಾಲು ಹಲ್ಲು, ಕೆಲವಕ್ಕೆ ಮೂರು ನಾಲ್ಕೇ ಹಲ್ಲು. ಅದು ಎರಡಾಯಿತು. ಒಟ್ಟು 10.

“14 ಇದ್ದದ್ದು 10 ಆಯ್ತಾ? ಸಾರಿಗೆ ಹಾಕಿದ್ರೆ ಎಲ್ಲಾ ಒಂದೇ” ಎಂದು ಅಮ್ಮ ನಕ್ಕಳು. ಆದರೂ ಅವತ್ತಿನಿಂದ ಬೇರೆ ಥರದ ಚಿಪ್ಪು ಸಿಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಡುತ್ತಾಳೆ.

ಸೋಮವಾರ ಆ ಏಳನೆಯ ತರಗತಿಯ ಹುಡುಗಿಯನ್ನು ಹುಡುಕಿಕೊಂಡು ಹೋಗಿ, “ನೀ ಹೇಳಿದ್ದೇ ಸರಿ. ನಾ ಗದರಿಸ್ಬಾರದಿತ್ತು” ಎಂದೆ. 4ನೇ ಮನೆಯ ಹೊಸ ಚೀಟಿಯನ್ನು ಅವಳ ಕೈಯಿಂದಲೇ ಬರೆಸಿದೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಾಗಿದೆ.

ಪೆಟ್ಟಿಗೆ ಈಗ ಮತ್ತೆ ಗ್ರಂಥಾಲಯದ ಮೇಜಿನ ಮೇಲಿದೆ. ಮುಚ್ಚಳದ ಮೇಲಿನ 14ನ್ನು ಅಳಿಸಿಲ್ಲ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 10 ಎಂದು ಬರೆದಿದ್ದೇನೆ. ಆ 10 ಕೂಡ ಪೆನ್ಸಿಲಿನಲ್ಲಿ. ನೀವೂ ಬನ್ನಿ, ಚಿಪ್ಪುಗಳನ್ನು ಮುಟ್ಟಿ, ಮಗುಚಿ, ಸೇರಿಸಿ ನೋಡಿ. ತಪ್ಪು ಕಂಡರೆ ಪಕ್ಕದಲ್ಲಿಟ್ಟ ಹಾಳೆಯಲ್ಲಿ ಬರೆದಿಡಿ.

— ಒಂಬತ್ತನೆಯ ತರಗತಿಯ ವಿದ್ಯಾರ್ಥಿ